ವಾಸನೆಯಿಲ್ಲದ ಒಂದು ತಿಂಗಳು

ಒಂದು ಮೂಗು ಒಂದು ಅಂಗಡಿಯನ್ನು ಮುಚ್ಚಿಸಬಲ್ಲದು ಎಂದು ಯಾರಾದರೂ ಹೇಳಿದ್ದರೆ ಅವನು ನಕ್ಕುಬಿಡುತ್ತಿದ್ದ. ಅತ್ತಿಗೆಯ ಮೂಗು ಮುಚ್ಚಿಸಿತು. ಅದು ಅಂತಿಂಥ ಅಂಗಡಿಯಲ್ಲ. ಅಪ್ಪನ ಕಾಲದಿಂದ ನಡೆದು ಬಂದಿದ್ದ ಪಾಲಿಶ್ ಅಂಗಡಿ. ಥಿನ್ನರು, ಸ್ಪಿರಿಟ್ಟು, ಕರಗಿದ ಅರಗು ಇವುಗಳ ವಾಸನೆ ಹಿಡಿದು ಬಂದರೆ ಕುರುಡನೂ ವಿಳಾಸ ಕೇಳದೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಅಣ್ಣ ಮರದ ಕೆಲಸ ನೋಡಿಕೊಳ್ಳುತ್ತಿದ್ದ, ಪಾಲಿಶ್ ತಮ್ಮನದು. ಅವನು ಕೈಯಾಡಿಸಿದ ಮೇಜಿನ ಮೇಲೆ ಬಗ್ಗಿದರೆ ನಿಮ್ಮ ಹಲ್ಲಿನ ಸಂದಿಯೂ ಕಾಣುತ್ತಿತ್ತು. ಅದಕ್ಕೇ ಗಿರಾಕಿಗಳು ಅವನಿಗೆ ಕನ್ನಡಿ ಎಂದು ಹೆಸರಿಟ್ಟರು. ಬರಬರುತ್ತಾ ಅಣ್ಣನೂ ಹಾಗೇ ಕರೆಯತೊಡಗಿದ.

ಈಗ ಆ ಅಂಗಡಿಯ ಷಟರ್ ಇಳಿದಿದೆ. ಕನ್ನಡಿಯ ಕೆಲಸ ಊರಾಚೆಯ ಕುರ್ಚಿ ಕಾರ್ಖಾನೆಯಲ್ಲಿ. ತಗಡಿನ ಬೂತಿನೊಳಗೆ ನಿಂತು, ಸರಪಳಿಯಲ್ಲಿ ನೇತಾಡಿಕೊಂಡು ಬರುವ ಕುರ್ಚಿಗಳಿಗೆ ಒಂದರ ಹಿಂದೊಂದರಂತೆ ಸ್ಪ್ರೇ ಹೊಡೆಯಬೇಕು. ಮೊದಲ ದಿನ ಅವನು ಒಂದು ಕುರ್ಚಿಯ ಕೈಯನ್ನು ಬಟ್ಟೆಯಿಂದ ಉಜ್ಜಿ ಹೊಳಪು ತರುತ್ತಿದ್ದಾಗ ಮೇಲ್ವಿಚಾರಕ ಬಂದು, "ಹೊಳೀದಿದ್ರೂ ಪರವಾಗಿಲ್ಲ ಕಣಪ್ಪ, ಒಣಗಿದ್ರೆ ಸಾಕು" ಎಂದ. ಆ ಮಾತು ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು, ಇವತ್ತಿಗೂ ಇಳಿದಿಲ್ಲ. ಕಾಯಿಲೆ ಅತ್ತಿಗೆಗೆ, ಶಿಕ್ಷೆ ಇವನಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ.

ಅದನ್ನು ಕಾಯಿಲೆ ಎಂದು ಒಪ್ಪಿಕೊಂಡರೆ ಈ ಮಾತು. ಅವನು ಒಪ್ಪಿಕೊಂಡವನಲ್ಲ.

ಅತ್ತಿಗೆ ಮದುವೆಯಾಗಿ ಬಂದಾಗಿನಿಂದ ಇದ್ದದ್ದು ಅದೇ ಅಂಗಡಿಯ ಮೇಲಿನ ಮನೆಯಲ್ಲಿ. ಅದೇ ಗಾಳಿ ಕುಡಿದಳು, ಅದೇ ಗಾಳಿಯಲ್ಲಿ ಅಡುಗೆ ಮಾಡಿದಳು, ತಾಯಿಯಿಲ್ಲದ ಮೈದುನನನ್ನು ಗದರಿಸಿ ಶಾಲೆಗೆ ಅಟ್ಟಿದಳು. ಆಗಾಗ ತಲೆನೋವು ಎನ್ನುತ್ತಿದ್ದಳು, ಅಷ್ಟೇ. ಒಂದು ಬೇಸಿಗೆಯಲ್ಲಿ ಮನೆಗೆ ಗೆದ್ದಲು ಹತ್ತಿತು. ಔಷಧಿ ಹೊಡೆಸಿದರು, ಗೋಡೆಗೆ ಬಣ್ಣ ಹಚ್ಚಿಸಿದರು, ಹೊಸ ಪ್ಲೈವುಡ್ಡಿನ ಬೀರು ಮಾಡಿಸಿ ಅಲ್ಲೇ ಪಾಲಿಶ್ ಹೊಡೆದರು. ಕಿಟಕಿ ಮುಚ್ಚಿದ ಆ ಮನೆಯಲ್ಲಿ ಅತ್ತಿಗೆ ಕೆಲವು ದಿನ ತಲೆ ಎತ್ತಲಾರದೆ ಮಲಗಿದಳು, ಆಮೇಲೆ ಎದ್ದು ಓಡಾಡಿದಳು. ಅದಾದ ಮೇಲೆ ತಂಗಿಯ ಬಾಣಂತನಕ್ಕೆಂದು ತವರಿಗೆ ಹೋಗಿ ಒಂದು ತಿಂಗಳು ಇದ್ದು ಬಂದಳು. ಬಂದವಳು ಕೆಳಗಿನ ಮೆಟ್ಟಿಲು ಹತ್ತುವ ಮೊದಲೇ, ಅಂಗಡಿಯ ಮುಂದೆ, ಕೈಯಲ್ಲಿದ್ದ ಚೀಲದ ಸಮೇತ ಕುಸಿದು ಬಿದ್ದಳು. ಅವತ್ತಿನಿಂದ ಸೋಪು ಆಗದು, ಫಿನಾಯಿಲ್ ಆಗದು, ಹೊಸ ಬಟ್ಟೆ ಆಗದು, ಬೆಳಗಿನ ಪೇಪರಿನ ಮಸಿಯ ವಾಸನೆಯೂ ಆಗದು.

ದೊಡ್ಡ ಆಸ್ಪತ್ರೆಯಲ್ಲಿ ಎಲ್ಲವನ್ನೂ ತೆಗೆದು ನೋಡಿದರು. ಸ್ವಲ್ಪ ಉಬ್ಬಸ ಇದೆ, ಉಳಿದದ್ದೆಲ್ಲ ಮನಸ್ಸಿಗೆ ಸಂಬಂಧಪಟ್ಟದ್ದು ಎಂದು ಕೈತೊಳೆದುಕೊಂಡರು. ಒಬ್ಬ ಲೇಡಿ ಡಾಕ್ಟರು ಮಾತ್ರ ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿದರು: "ಕೆಲವರ ದೇಹ ವರ್ಷಾನುಗಟ್ಟಲೆ ಸಹಿಸ್ಕೊಂಡು ಬರುತ್ತೆ. ಒಂದಿನ ಆ ತಡ್ಕೊಳ್ಳೋ ಶಕ್ತಿನೇ ಕಳ್ಕೊಂಡುಬಿಡುತ್ತೆ. ಆಮೇಲೆ ಚಿಟಿಕೆಯಷ್ಟು ವಾಸನೆ ಸಾಕು. ಯಾವಾಗ್ಲೂ ಅದರ ಮಧ್ಯದಲ್ಲೇ ಇರೋರಿಗೆ ಇದು ಗೊತ್ತೇ ಆಗಲ್ಲ, ಯಾಕಂದ್ರೆ..." ಯಾಕೆಂದು ಕೇಳಲು ಕನ್ನಡಿ ನಿಲ್ಲಲಿಲ್ಲ. ಬೀಡಿ ಹಚ್ಚಲು ಹೊರಗೆ ಹೋದ.

ಟೀ ಅಂಗಡಿಯ ಕಟ್ಟೆಯಲ್ಲಿ ಅವನದೇ ಒಂದು ವಿವರಣೆ ತಯಾರಿತ್ತು. "ಇಷ್ಟು ವರ್ಷ ಇಲ್ಲದ್ದು ಈಗೆಲ್ಲಿಂದ ಬಂತು? ಒಂದು ತಿಂಗಳು ತವರಲ್ಲಿದ್ದು ಬಂದೋರಿಗೆ ಗಂಡನ ಮನೆ ಸ್ವಲ್ಪ ನಾತ ಹೊಡೆಯುತ್ತೆ, ಅದಕ್ಕೆಲ್ಲ ಡಾಕ್ಟರು ಬೇಕಾ?" ಕೇಳಿದವರು ಟೀ ಚೆಲ್ಲುವಷ್ಟು ನಕ್ಕರು. ಆ ಮಾತು ಅವನಿಗೆ ಎಷ್ಟು ಇಷ್ಟವಾಯಿತೆಂದರೆ ಹೊಸಬರು ಬಂದಾಗಲೆಲ್ಲ ಅದನ್ನೇ ಹೇಳುತ್ತಿದ್ದ. ಹೇಳಿ ಹೇಳಿ ಆ ಮಾತಿಗೂ ಒಂದು ಪಾಲಿಶ್ ಬಂದಿತ್ತು.

ಅಣ್ಣ ನಗಲಿಲ್ಲ. ಷಟರ್ ಇಳಿಸಿ ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಇಳಿಬಿಟ್ಟು, "ಅಂಗಡಿ ಇನ್ನೊಂದು ಸಿಗುತ್ತೆ ಕಣೋ, ಅವಳು ಇನ್ನೊಬ್ಬಳು ಸಿಗಲ್ಲ" ಎಂದ. ಆಮೇಲೆ ಗಾಜಿನ ಸಾಮಾನಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿಕೊಂಡ. ಗಾಜಿಗೆ ವಾಸನೆಯಿಲ್ಲವಲ್ಲ. ಉಳಿಯನ್ನು ಬೆರಳಿನಂತೆ ಆಡಿಸುತ್ತಿದ್ದವನು ಈಗ ಲೋಟಗಳನ್ನು ಹುಲ್ಲಿನಲ್ಲಿ ಸುತ್ತಿ ಕೊಡುತ್ತಾನೆ. ಅಣ್ಣನನ್ನು ಆ ಗಲ್ಲಾದ ಹಿಂದೆ ಕಂಡಾಗಲೆಲ್ಲ ಕನ್ನಡಿ ಅದೇ ಲೆಕ್ಕ ಹಾಕುತ್ತಿದ್ದ. ಅವಳಿಲ್ಲದಿದ್ದರೆ ಷಟರ್ ಮೇಲೇಳುತ್ತದೆ. ಅವಳಿಲ್ಲದಿದ್ದರೆ ಅಣ್ಣ ಉಳಿ ಹಿಡಿಯುತ್ತಾನೆ. ಅವಳ ಮೂಗಿನ ನೇರಕ್ಕೆ ಎಷ್ಟು ಜನ ಬದುಕಬೇಕು?

ಅವಳು ಬದುಕಿರುವ ಕೋಣೆಯನ್ನು ಕಟ್ಟಿಕೊಟ್ಟವನು ಅವನೇ. ಅಣ್ಣ ಕೈಮುಗಿದು ಕೇಳಿಕೊಂಡಿದ್ದ, ಇಲ್ಲವೆನ್ನಲಾಗಲಿಲ್ಲ. ಮನೆಯ ಮೇಲೆ, ತಾರಸಿಯ ಕೆಳಗಿನ ಅಂತಸ್ತಿನಲ್ಲಿ, ಮರದ ಚೂರೂ ಇಲ್ಲದ ಕೋಣೆ. ಬಿಳಿ ಟೈಲ್ಸು, ಗಾಜು, ಸ್ಟೀಲಿನ ಮಂಚ, ನೂರು ಸಲ ಒಗೆದ ಹತ್ತಿಯ ಹೊದಿಕೆ. ಎರಡು ಬಾಗಿಲು, ನಡುವೆ ಬಟ್ಟೆ ಬದಲಿಸುವಷ್ಟು ಜಾಗ. ಕೋಣೆಗೆ ಗಾಳಿ ಬರುವುದು ಮೇಲಿನಿಂದ. ತಾರಸಿಯ ಮೂಲೆಯಲ್ಲಿ ಒಬ್ಬ ಮನುಷ್ಯ ಕುಕ್ಕರುಗಾಲಲ್ಲಿ ಕೂರುವಷ್ಟು ಒಂದು ತಗಡಿನ ಗೂಡು. ಅದರೊಳಗೆ ಗಾಳಿ ಎಳೆಯುವ ಫ್ಯಾನು, ಅದರ ಮುಂದೆ ಇದ್ದಿಲು ತುಂಬಿದ ಟ್ರೇಗಳು. ಇದ್ದಿಲಿನ ಮೂಲಕ ಹಾದ ಗಾಳಿ ಮಾತ್ರ ಅತ್ತಿಗೆಯ ಕೋಣೆಗೆ ಇಳಿಯುತ್ತದೆ. ಗೂಡಿನ ಬಾಗಿಲಿಗೆ ಅವನು ಸ್ಪ್ರಿಂಗು ಹಾಕಿದ್ದ, ಯಾರಾದರೂ ಮರೆತರೂ ತಾನೇ ಮುಚ್ಚಿಕೊಳ್ಳಲಿ ಎಂದು. ಒಳಗಿನಿಂದ ಒಂದು ಸಲ ತಳ್ಳಿದರೆ ತೆರೆಯುತ್ತದೆ. ಫ್ಯಾನಿನ ಅದುರುವ ಸದ್ದು ಅವಳಿಗೆ ಕೇಳಿಸದಿರಲೆಂದು ಗೂಡಿನ ಒಳಗೋಡೆಗೆಲ್ಲ ದಪ್ಪ ರಬ್ಬರು ಕೊಟ್ಟಿದ್ದ. ಮಾಡುವ ಕೆಲಸವನ್ನು ಅರೆಬರೆ ಮಾಡುವುದು ಅವನ ಕೈಗೆ ಬರುವುದಿಲ್ಲ.

ಆ ಗೂಡನ್ನು ಇನ್ನೊಂದು ಕಣ್ಣಿನಿಂದ ನೋಡಲು ಶುರುಮಾಡಿದ್ದು ಪಕ್ಕದ ಕಟ್ಟಡಕ್ಕೆ ಬಣ್ಣ ಹೊಡೆದ ದಿನ. ಅವತ್ತು ಅವನು ಕೆಳಗೆ ಅಣ್ಣನ ಜೊತೆ ಕೂತಿದ್ದ. ಮೇಲೆ ಅತ್ತಿಗೆಯ ಕೋಣೆಗೆ ಹಾಕಿಸಿದ್ದ ಬೆಲ್ಲು ಹೊಡೆದುಕೊಂಡಿತು, ಅಣ್ಣ ಬಿದ್ದಂಬೀಳ ಓಡಿದ. ಸಂಜೆ ಅತ್ತಿಗೆ ಗಾಜಿನಾಚೆಯಿಂದ ಸಣ್ಣ ದನಿಯಲ್ಲಿ ಹೇಳಿದಳು: "ಮೊದ್ಲು ಕಾಲು ಹೋಗುತ್ತೆ ಕಣೋ. ಆಮೇಲೆ ದನಿ. ಉಸಿರು ಆಮೇಲೆ. ಇವತ್ತು ವಾಸನೆ ನಿಧಾನಕ್ಕೆ ಬಂತು, ಅದಕ್ಕೇ ಬೆಲ್ಲಿನ ತನಕ ಹೋದೆ. ಒಂದೇ ಸಲ ಬಂದಿದ್ರೆ ಸ್ವಿಚ್ಚು ಮುಟ್ಟೋಕೂ ಆಗ್ತಿರ್ಲಿಲ್ಲ."

ಅವನು ಅಯ್ಯೋ ಎಂದ. ಮನಸ್ಸಿನಲ್ಲಿ ಮಾತ್ರ ಆ ಮಾತನ್ನು ಮಡಚಿ ಒಳಗಿಟ್ಟುಕೊಂಡ.

ಆಮೇಲಿನ ದಿನಗಳಲ್ಲಿ ಬೂತಿನಲ್ಲಿ ಕೈ ತನ್ನಷ್ಟಕ್ಕೆ ಸ್ಪ್ರೇ ಹೊಡೆಯುತ್ತಿತ್ತು, ತಲೆ ಆ ಮಾತಿನ ಸುತ್ತ ತಿರುಗುತ್ತಿತ್ತು. ನಾಟಕವೋ ನಿಜವೋ, ಆ ಹೆಂಗಸಿನ ಕಾಲು ಹೋಗುವುದು ನಿಜ. ವಿಷ ಹಾಕಿದರೆ ಹೊಟ್ಟೆ ಸಾಕ್ಷಿ ಹೇಳುತ್ತದೆ, ಕತ್ತು ಹಿಸುಕಿದರೆ ಕತ್ತು ಹೇಳುತ್ತದೆ. ಗಾಳಿ ಏನು ಹೇಳೀತು? ಬಂದದ್ದು ಹೋಗುತ್ತದೆ. ಉಬ್ಬಸ ಇದೆ ಎಂದು ದೊಡ್ಡ ಆಸ್ಪತ್ರೆಯವರೇ ಬರೆದುಕೊಟ್ಟಿದ್ದಾರೆ, ಉಳಿದದ್ದು ಮನಸ್ಸಿನದು ಎಂದೂ ಅವರೇ ಬರೆದಿದ್ದಾರೆ. ಬೀದಿಗೊಂದಿರುವ ಬಣ್ಣದ ಅಂಗಡಿಯಲ್ಲಿ ಸಿಗುವ ಥಿನ್ನರಿನ ವಾಸನೆಯಿಂದ ಒಬ್ಬ ಮನುಷ್ಯ ಸಾಯಬಹುದು ಎಂದರೆ ಯಾವ ಪೊಲೀಸ್ ನಂಬುತ್ತಾನೆ? ಹಾವು ಸಾಯಬಾರದು, ಕೋಲು ಮುರಿಯಬಾರದು ಎನ್ನುತ್ತಾರೆ. ಇಲ್ಲಿ ಹಾವು ಸಾಯಬೇಕು, ಕೋಲೇ ಇರಬಾರದು.

ಅವನ ಹತ್ತಿರ ಒಂದು ಡಬ್ಬಿ ಇತ್ತು. ಅಂಗಡಿ ಮುಚ್ಚಿದ ದಿನ ಎಲ್ಲವನ್ನೂ ಮಾರಿದಾಗ ಅದೊಂದನ್ನು ಮಾತ್ರ ಕೊಡಲು ಮನಸ್ಸಾಗದೆ ಎತ್ತಿಟ್ಟಿದ್ದ. ಒಳ್ಳೆಯ ಮೇಜುಗಳಿಗೆಂದೇ ಅವನು ತನ್ನ ಕೈಯಾರೆ ಕೂಡಿಸುತ್ತಿದ್ದ ಪಾಲಿಶು, ಥಿನ್ನರು ಸ್ಪಿರಿಟ್ಟು ಅರಗು ಹದವಾಗಿ ಬಿದ್ದದ್ದು, ಮುಚ್ಚಳದ ಸುತ್ತ ಮೇಣ ಸುರಿದು ಬಿಗಿ ಮಾಡಿದ್ದು. ಆ ಡಬ್ಬಿಯೇ ಸಾಕು. ಗೂಡಿನೊಳಗೆ ಕೂತು ಅದನ್ನು ಅಗಲವಾದ ಬಾಣಲೆಗೆ ಸುರಿಯುವುದು. ಆಮೇಲೆ ಇದ್ದಿಲಿನ ಟ್ರೇಗಳನ್ನು ಒಂದೇ ಎಳೆತಕ್ಕೆ ಹೊರಗೆಳೆಯುವುದು. ಟ್ರೇ ಮೊದಲು ಎಳೆದು ಆಮೇಲೆ ಸುರಿದರೆ ವಾಸನೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ, ಅವಳು ಎದ್ದು ಸ್ವಿಚ್ಚಿನ ತನಕ ಹೋಗಿಬಿಡುತ್ತಾಳೆ. ಗೂಡು ತುಂಬಬೇಕು, ತುಂಬಿದ್ದು ಒಟ್ಟಿಗೆ ಇಳಿಯಬೇಕು. ಕೆಲಸ ಮುಗಿದ ಮೇಲೆ ಬಾಣಲೆ ಮುಚ್ಚಿಕೊಂಡು, ಟ್ರೇ ಮತ್ತೆ ಸಿಕ್ಕಿಸಿ, ಬಾಗಿಲು ತೆರೆದಿಟ್ಟು ಸ್ವಲ್ಪ ಹೊತ್ತು ಒಳ್ಳೆಯ ಗಾಳಿ ಬಿಡುವುದು. ಅಣ್ಣ ಸಂಜೆ ಬರುವಷ್ಟರಲ್ಲಿ ಆ ಕೋಣೆ ತೊಳೆದ ಲೋಟದಂತೆ ಇರುತ್ತದೆ.

ತೊಡಕು ಒಂದೇ. ಗೂಡಿಗೆ ಹೋಗಬೇಕಾದರೆ ಅವಳ ಬಾಗಿಲ ಮುಂದಿನ ಮೆಟ್ಟಿಲನ್ನೇ ಹತ್ತಬೇಕು. ಅಳತೆ ನೋಡಿ ಬರೋಣವೆಂದು ಒಮ್ಮೆ ಬರಿಗಾಲಲ್ಲಿ, ಬೆಕ್ಕಿನ ಹಾಗೆ ಹತ್ತಿದ್ದ. ಅರ್ಧಕ್ಕೆ ಹೋಗಿರಲಿಲ್ಲ, ಒಳಗಿನಿಂದ ಅವಳ ದನಿ ಬಂತು. "ಕನ್ನಡೀನಾ? ಮೇಲೇನೋ ಕೆಲ್ಸ?" ಇಷ್ಟು ವರ್ಷದ ಪಾಲಿಶು ಅವನ ಚರ್ಮದೊಳಗೇ ಇಳಿದಿತ್ತು. ಕತ್ತಲಲ್ಲಿ ನಿಂತರೂ ಅವಳ ಪಾಲಿಗೆ ಅವನು ಗಂಟೆ ಕಟ್ಟಿದ ಬೆಕ್ಕು.

ಹಾಗಾದರೆ ಮೈಯ ವಾಸನೆಯನ್ನೇ ಬಿಡಿಸಬೇಕು. ಬಿಡಿಸುವುದು ಹೇಗೆಂದು ಹೇಳಿಕೊಡಲು ಅತ್ತಿಗೆಗಿಂತ ಒಳ್ಳೆಯ ಗುರು ಯಾರು? ಈ ಯೋಚನೆ ಬಂದಾಗ ಅವನಿಗೆ ತನ್ನ ಬಗ್ಗೆಯೇ ಹೆಮ್ಮೆಯಾಯಿತು. ಅಣ್ಣನಿದ್ದ ಗಾಜಿನಂಗಡಿಗೆ ಹೋಗಿ, ತಲೆ ತಗ್ಗಿಸಿ, "ಎಷ್ಟು ದಿನ ಅಂತ ಗಾಜಿನಾಚೆಯಿಂದ ಮಾತಾಡೋದು? ಅತ್ತಿಗೆ ಎದುರಿಗೆ ಒಂದ್ಸಲ ಕೂರಬೇಕು ಅಣ್ಣ. ನಾನಾಡಿದ ಮಾತೆಲ್ಲ ಅವರ ಕಿವಿಗೆ ಬಿದ್ದಿದೆ" ಎಂದ. ಅಣ್ಣ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡ.

ಅತ್ತಿಗೆ ಗಾಜಿನ ಹಿಂದೆ ನಿಂತು ಒಂದೊಂದಾಗಿ ಹೇಳಿದಳು. ಆ ಬೂತಿಗೆ ಹೋಗುವುದು ಮೊದಲು ನಿಲ್ಲಬೇಕು. ಬೀಡಿ ಬಿಡಬೇಕು. ತಲೆಗೆ ಎಣ್ಣೆ ಬೇಡ, ಮೈಗೆ ಸೋಪು ಬೇಡ, ಕಡಲೆಹಿಟ್ಟು ಸಾಕು. ಹಾಕಿಕೊಳ್ಳುವ ಬಟ್ಟೆಯನ್ನು ಅಡುಗೆ ಸೋಡಾದ ನೀರಿನಲ್ಲಿ ನೆನೆಸಿ ಬಿಸಿಲಿಗೆ ಹಾಕಬೇಕು, ಮತ್ತೆ ನೆನೆಸಬೇಕು, ಮತ್ತೆ ಬಿಸಿಲು. ಚಾಪೆ ಹಳೆಯದಾಗಿರಲಿ, ಕಿಟಕಿ ತೆರೆದಿರಲಿ.

"ಎಷ್ಟು ದಿನ ಅತ್ತಿಗೆ?"

"ಒಂದು ತಿಂಗಳು ಹಿಡಿಯುತ್ತೆ. ನಿಂದು ಹಳೇ ವಾಸನೆ."

ಕಾರ್ಖಾನೆಯಲ್ಲಿ ಬೆನ್ನುನೋವೆಂದು ರಜೆ ಹಾಕಿದ. ಅತ್ತಿಗೆಗೆ ಹೀಗಾದ ಮೇಲೆ ಹಿಡಿದಿದ್ದ ಬಾಡಿಗೆ ಕೋಣೆಯಿಂದ ಸೋಪು, ಎಣ್ಣೆ, ಸೊಳ್ಳೆ ಔಷಧಿ, ಕೆಲಸದ ಬಟ್ಟೆ ಎಲ್ಲ ಹೊರಗೆ ಹೋದವು. ಮೊದಲ ವಾರ ನರಕ. ತಲೆ ಸಿಡಿಯಿತು, ಕೈ ನಡುಗಿತು, ರಾತ್ರಿಯೆಲ್ಲ ಮಗ್ಗಲು ಬದಲಿಸಿದ. ಬೂತಿಗೆ ಹೋಗಿ ಒಂದು ಸಲ ಮೂಗು ತುಂಬ ಎಳೆದುಕೊಂಡು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಮೈ ಬೇಡುತ್ತಿತ್ತು. ಹಿಂದೆಯೂ ಹಾಗೆಯೇ ಅಲ್ಲವೇ, ರಜೆಯ ದಿನ ಹಿಡಿದ ತಲೆನೋವು ಮರುದಿನ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಬಿಡುತ್ತಿತ್ತು. ಇದೆಲ್ಲ ಬೀಡಿ ಬಿಟ್ಟದ್ದಕ್ಕೆ ಎಂದುಕೊಂಡು ಹಲ್ಲು ಕಚ್ಚಿದ. ಎರಡನೆಯ ವಾರದ ಕೊನೆಗೆ ಒಂದು ಬೆಳಿಗ್ಗೆ ಎದ್ದಾಗ ತಲೆ ಹಗುರವಾಗಿತ್ತು, ಅನ್ನಕ್ಕೆ ರುಚಿಯಿತ್ತು. ಎಳೆಯ ವಯಸ್ಸಿನಲ್ಲಿ ಬಿಟ್ಟುಬಂದ ಯಾವುದೋ ಬೆಳಗಿನ ನೆನಪಾಗಿ ಅವನಿಗೆ ಕಾರಣವಿಲ್ಲದೆ ಅಳು ಬಂತು.

ಅಲ್ಲಿಂದ ಮುಂದೆ ಮೂಗು ಚುರುಕಾಯಿತು. ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ಹಚ್ಚಿಕೊಂಡಿದ್ದ ಸೆಂಟು ಕಣ್ಣಿನ ಹಿಂದೆ ಸೂಜಿಯಂತೆ ಹೊಕ್ಕು ಅವನು ಎರಡು ನಿಲ್ದಾಣ ಮೊದಲೇ ಇಳಿದುಬಿಟ್ಟ. ಇನ್ನೊಂದು ದಿನ ಕೋಣೆಯ ಹೊರಗಿನ ಓಣಿಯನ್ನು ಯಾರೋ ಫಿನಾಯಿಲ್ ಹಾಕಿ ಒರೆಸಿದ್ದರು. ದಾಟುವಾಗ ಮೊಣಕಾಲು ಮೆತ್ತಗಾಗಿ ಮೆಟ್ಟಿಲ ಮೇಲೆ ಕೂತುಬಿಟ್ಟ, ಏಳಲು ಸ್ವಲ್ಪ ಹೊತ್ತು ಬೇಕಾಯಿತು. ಊಟ ಸರಿಯಾಗಿ ಮಾಡುತ್ತಿಲ್ಲ, ಅದಕ್ಕೇ ಎಂದುಕೊಂಡ. ಮೂಗಿನ ವಿಷಯ ಮಾತ್ರ ಅವನಿಗೆ ಖುಷಿಯೇ ಆಯಿತು. ತನ್ನ ಮೇಲೆ ವಾಸನೆ ಉಳಿದಿದೆಯೋ ಇಲ್ಲವೋ ಎಂದು ಈಗ ತನಗೇ ತಿಳಿಯುತ್ತದಲ್ಲ. ಕಳ್ಳನನ್ನು ಹಿಡಿಯಲು ಕಳ್ಳನೇ ಬೇಕು ಎನ್ನುವುದು ಸುಳ್ಳಲ್ಲ.

ತಿಂಗಳು ತುಂಬುತ್ತಾ ಬಂದಾಗ ಅತ್ತಿಗೆ ಬಾಗಿಲು ತೆರೆದಳು. ಅವಳ ಗಂಡನನ್ನು ಬಿಟ್ಟು ಆ ಕೋಣೆಯೊಳಗೆ ಕಾಲಿಟ್ಟ ಮೊದಲ ಮನುಷ್ಯ ಅವನು. ಹತ್ತಿರ ಬಂದು ಅವನ ಭುಜದ ಬಳಿ ಮೂಗು ತಂದು ನೋಡಿ, ನಕ್ಕಳು. "ಈಗ ನೋಡು, ಹುಟ್ಟಿದ ಮಗು ಹಾಗಿದ್ದೀಯ."

ಗಾಜಿನ ಲೋಟದಲ್ಲಿ ನೀರು ಕೊಟ್ಟಳು. ಅವಳ ಕೈ ಬಡವಾಗಿತ್ತು, ಕೂದಲು ಅರ್ಧ ಬೆಳ್ಳಗಾಗಿತ್ತು. ನೀರು ಕುಡಿಯುತ್ತಲೇ ಅವನು ಮಂಚದಿಂದ ಸ್ವಿಚ್ಚಿಗೆ ಎಷ್ಟು ದೂರ ಎಂದು ಕಣ್ಣಲ್ಲೇ ಅಳೆದ. ಗೋಡೆಯಿಂದ ಗೋಡೆಗೆ. ಒಳ್ಳೆಯದು.

"ಜ್ವರ ಬಂದಾಗ ಔಷಧಿ ಕುಡಿಯೋಕೆ ಎಷ್ಟು ಕಾಡಿಸ್ತಿದ್ದೆ ಗೊತ್ತಾ ನೀನು. ಮೂಗು ಹಿಡಿದು ಬಾಯಿಗೆ ಹಾಕ್ಬೇಕಿತ್ತು" ಎಂದಳು ಅತ್ತಿಗೆ.

ಒಂದು ಕ್ಷಣ ಅವನ ಎದೆಯೊಳಗೆ ಏನೋ ಸಡಿಲವಾಯಿತು. ಈ ಹೆಂಗಸು ತನಗೆ ಊಟ ಹಾಕಿದವಳು, ಅದು ಸುಳ್ಳಲ್ಲ. ಆದರೆ ಕಿಟಕಿಯ ಗಾಜಿನಿಂದ ಕೆಳಗೆ ನೋಡಿದರೆ ಬೀದಿಗೆ ಚಾಚಿದ್ದ ಅಂಗಡಿಯ ಹಲಗೆ ಕಾಣುತ್ತಿತ್ತು, ಬಣ್ಣ ಎದ್ದು ಹೋದದ್ದು, ಅಪ್ಪ ಬರೆಸಿದ ಅಕ್ಷರಗಳ ಮೇಲೆ ಹಕ್ಕಿ ಗಲೀಜು. ಸಡಿಲವಾದದ್ದು ಮತ್ತೆ ಬಿಗಿಯಾಯಿತು.

"ನಿಂಗೂ ತಲೆನೋವು ಬರ್ತಿತ್ತಾ? ಕೆಲ್ಸ ಬಿಟ್ಟ ಹೊಸದ್ರಲ್ಲಿ?" ಅತ್ತಿಗೆ ಇದ್ದಕ್ಕಿದ್ದಂತೆ ಕೇಳಿದಳು.

"ಬೀಡಿ ಬಿಟ್ರೆ ಎಲ್ರಿಗೂ ಬರುತ್ತೆ."

ಅವಳು ಅವನನ್ನೇ ನೋಡಿದಳು. "ಮತ್ತೆ ಆ ಬೂತಿಗೆ ಹೋಗ್ಬೇಡ ಕಣೋ. ಇಷ್ಟು ದಿನ ಬಿಟ್ಟಿದ್ದೀಯ, ಈಗ ಹೋದ್ರೆ..."

"ಹೋಗ್ದೆ ಹೊಟ್ಟೆಗೇನ್ ಮಾಡ್ಲಿ ಅತ್ತಿಗೆ? ಎಲ್ರಿಗೂ ಗಾಜಿನಂಗಡಿ ಸಿಗುತ್ತಾ?"

ಮಾತಿನಲ್ಲಿ ಬೇಡವೆಂದರೂ ಖಾರ ಬಂದಿತ್ತು. ಅತ್ತಿಗೆ ಖಾಲಿ ಲೋಟ ತೆಗೆದುಕೊಂಡು ತೊಳೆಯಲು ಹೋದಳು.

ಉಳಿದದ್ದು ಸುಲಭದ ಕೆಲಸ. ದೂರದ ಊರಿನಲ್ಲಿ ಹೊಸ ಹೋಟೆಲಿನ ಮೇಜುಗಳ ಕೆಲಸ ಸಿಕ್ಕಿದೆ, ಬರುವುದು ತಡವಾಗಬಹುದು, ಅಲ್ಲಿ ಫೋನು ಹಿಡಿಯುವುದಿಲ್ಲ ಎಂದು ಅಣ್ಣನಿಗೆ ಹೇಳಿದ. ಅದನ್ನೇ ಕಾರ್ಖಾನೆಯಲ್ಲೂ ಹೇಳಿದ, ಕೋಣೆಯ ಮಾಲೀಕನಿಗೂ ಹೇಳಿದ, ಟೀ ಅಂಗಡಿಯಲ್ಲಂತೂ ಇಬ್ಬರ ಬೆನ್ನು ತಟ್ಟಿ ಬೀಳ್ಕೊಂಡು ಬಂದ. ಬಸ್ ನಿಲ್ದಾಣದಲ್ಲಿ ಪರಿಚಯದವನೊಬ್ಬ ಚೀಲ ಹಿಡಿದ ಅವನನ್ನು ನೋಡಿ ಕೈ ಬೀಸಿದ. ಅದೂ ಒಳ್ಳೆಯದಾಯಿತು. ಬಸ್ಸು ಹತ್ತಿ, ಮುಂದಿನ ಊರಿನಲ್ಲಿ ಇಳಿದು, ಬೇರೆ ದಾರಿಯಿಂದ ನಡೆದು ಬಂದ. ಹೀಗೆ ಈ ಭೂಮಿಯ ಮೇಲೆ ಅವನನ್ನು ಹುಡುಕಬೇಕಾದ ಕಾರಣ ಯಾರಿಗೂ ಇಲ್ಲವೆಂದು ಮಾಡಿಕೊಂಡ.

ಮಧ್ಯಾಹ್ನ. ಬೀದಿ ಊಟ ಮಾಡಿ ತೂಕಡಿಸುತ್ತಿತ್ತು. ಎದುರು ಮನೆಯ ಕಿಟಕಿಗಳಿಗೆ ಪರದೆ ಇಳಿದಿತ್ತು. ಅವನು ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲು ಹತ್ತಿದ. ಡಬ್ಬಿ ಮೂರು ಸುತ್ತಿನ ಪ್ಲಾಸ್ಟಿಕ್ಕಿನಲ್ಲಿ, ಅದರ ಮೇಲೆ ಸೋಡಾದಲ್ಲಿ ತೊಳೆದ ಸ್ಟೀಲಿನ ಪೆಟ್ಟಿಗೆಯಲ್ಲಿ. ಅತ್ತಿಗೆಯ ಬಾಗಿಲ ಮುಂದೆ ಬಂದಾಗ ಬೇಕೆಂದೇ ಒಂದು ಗಳಿಗೆ ನಿಂತ. ಒಳಗೆ ಮಂಚ ಕಿರುಗುಟ್ಟಿತು, ಅವಳು ಮಗ್ಗಲು ಬದಲಿಸಿದಳು. ದನಿ ಬರಲಿಲ್ಲ. ಅವನು ಗೆದ್ದಿದ್ದ. ಆ ಹೊತ್ತಿಗೆ ಅವನಿಗೆ ಆದ ಸಂತೋಷ ಯಾವ ಮೇಜಿನ ಹೊಳಪನ್ನು ನೋಡಿದಾಗಲೂ ಆಗಿರಲಿಲ್ಲ.

ತಾರಸಿಯ ಬಿಸಿಲು ಅಂಗಾಲು ಸುಡುತ್ತಿತ್ತು. ಗೂಡಿನ ಬಾಗಿಲನ್ನು ಎಳೆದು ಒಳಗೆ ನುಸುಳಿ ಕುಕ್ಕರುಗಾಲಲ್ಲಿ ಕೂತ. ಬೆನ್ನ ಹಿಂದೆ ಸ್ಪ್ರಿಂಗು ಬಾಗಿಲನ್ನು ಮೆಲ್ಲಗೆ ತಂದು ಮುಚ್ಚಿತು, ತನ್ನ ಕೆಲಸ ತನಗೆ ಗೊತ್ತೆನ್ನುವ ಆಳಿನ ಹಾಗೆ. ತಗಡಿನ ಸೀಳುಗಳಿಂದ ಬಿಸಿಲಿನ ಗೆರೆಗಳು ಬಿದ್ದಿದ್ದವು. ಫ್ಯಾನು ಇದ್ದಿಲಿನ ಹಿಂದೆ ಒಂದೇ ಸಮ ತಿರುಗುತ್ತಿತ್ತು. ಚೀಲದಿಂದ ಬಾಣಲೆ ತೆಗೆದು ಎದುರಿಗಿಟ್ಟ, ಟ್ರೇಗಳ ಹಿಡಿಯನ್ನು ಒಮ್ಮೆ ಮುಟ್ಟಿ ನೋಡಿದ, ಜಾಗದಲ್ಲಿವೆ. ಪೆಟ್ಟಿಗೆ ತೆರೆದು, ಪ್ಲಾಸ್ಟಿಕ್ಕು ಬಿಚ್ಚಿ, ಡಬ್ಬಿಯನ್ನು ತೊಡೆಯ ನಡುವೆ ಹಿಡಿದುಕೊಂಡ. ಅದರ ಮೈಮೇಲೆ ಅವನದೇ ಹಳೆಯ ಹೆಬ್ಬೆರಳಿನ ಗುರುತು, ಒಣಗಿದ ಪಾಲಿಶಿನಲ್ಲಿ ಹಾಗೇ ಉಳಿದಿತ್ತು.

ಸ್ಕ್ರೂಡ್ರೈವರನ್ನು ಮುಚ್ಚಳದ ಅಂಚಿಗೆ ಕೊಟ್ಟು ಮೀಟಿದ. ಮೇಣ ಬಿರಿಯಿತು. ಮುಚ್ಚಳ ಉಗುರಿನಷ್ಟು ಎದ್ದಿತು, ಅಷ್ಟೇ. ಆ ಸಂದಿನಿಂದ ಬಂದ ವಾಸನೆಗೆ ಅವನ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಅಪ್ಪ, ಅಣ್ಣನ ಉಳಿಯ ಸದ್ದು, ಮರದ ಹೊಟ್ಟು, ಬೆಳಗಿನ ಷಟರು, ಎಲ್ಲ ಅದರೊಳಗಿತ್ತು. ಅವನು ಮನೆಗೆ ಬಂದವನ ಹಾಗೆ ಎದೆ ತುಂಬ ಉಸಿರೆಳೆದುಕೊಂಡ.

ಮೊದಲು ಕಾಲು ಹೋಯಿತು. ಕುಕ್ಕರು ಕೂತಲ್ಲಿಂದ ಅವನು ಪಕ್ಕಕ್ಕೆ ಒರಗಿದ, ಡಬ್ಬಿ ಕೈಜಾರಿತು, ಮುಚ್ಚಳ ಹಾಗೇ ಕಚ್ಚಿಕೊಂಡಿತ್ತು. ಅತ್ತಿಗೆ ಎಂದು ಕೂಗಲು ಬಾಯಿ ತೆರೆದ, ದನಿ ಇರಲಿಲ್ಲ. ಗೋಡೆಗೆ ಬಡಿದ ಕೈಯನ್ನು ಅವನೇ ಕೊಟ್ಟಿದ್ದ ರಬ್ಬರು ಸದ್ದಿಲ್ಲದೆ ನುಂಗಿಕೊಂಡಿತು. ಬಾಗಿಲು ಒಂದು ಸಲ ತಳ್ಳಿದರೆ ತೆರೆಯುತ್ತದೆ, ಆ ಒಂದು ತಳ್ಳುವಿಕೆ ಅವನ ಮೈಯಲ್ಲಿ ಉಳಿದಿರಲಿಲ್ಲ. ಎಳೆಯದೆ ಬಿಟ್ಟ ಇದ್ದಿಲಿನ ಟ್ರೇಗಳು ತಮ್ಮ ಕೆಲಸ ಮಾಡುತ್ತಿದ್ದವು, ಕೆಳಗೆ ಅತ್ತಿಗೆ ತೊಳೆದಂಥ ಗಾಳಿಯಲ್ಲಿ ನಿದ್ದೆ ಹೋಗಿದ್ದಳು. ಇಷ್ಟು ಸಣ್ಣ ವಾಸನೆಗೆ ಮನುಷ್ಯ ಸಾಯುತ್ತಾನೆಂದು ಯಾರೂ ನಂಬುವುದಿಲ್ಲ, ದೂರದ ಊರಿನಲ್ಲಿರುವವನನ್ನು ಯಾರೂ ಇಲ್ಲಿ ಹುಡುಕುವುದಿಲ್ಲ, ಎರಡನ್ನೂ ಅವನೇ ಲೆಕ್ಕ ಹಾಕಿದ್ದ. ಕಿರಿದಾಗುತ್ತಿದ್ದ ಗಂಟಲಿನಲ್ಲಿ ಉಸಿರೆಳೆದುಕೊಳ್ಳುತ್ತಾ ಅವನಿಗೆ ಟೀ ಅಂಗಡಿಯ ಆ ನಗು ಕೇಳಿಸಿತು, ತಾನೇ ಪಾಲಿಶ್ ಹಾಕಿದ ಆ ಮಾತೂ ಕೇಳಿಸಿತು. ಬುದ್ಧಿ ಬಂದಾಗಿನಿಂದ ಈ ವಾಸನೆಯನ್ನು ಬಿಟ್ಟು ಇದ್ದವನೇ ಅಲ್ಲ ಅವನು. ಬಿಟ್ಟಿದ್ದದ್ದು ಇದೊಂದೇ ಸಲ, ಒಂದು ತಿಂಗಳು. ಅತ್ತಿಗೆ ತವರಿನಲ್ಲಿದ್ದು ಬಂದದ್ದೂ ಅಷ್ಟೇ ದಿನ.